ಕಡಲ ಮುಂದೆ ಒಂದು ಸುಳ್ಳು

"ಅಲ್ಲಾಡಬೇಡಿ!"

ಕೊಬ್ಬರಿ ಒಣಗಿಸುವ ಹೊಗೆಮನೆಯ ಕತ್ತಲೆಯೊಳಗಿಂದ ಗಂಡಸಿನ ದನಿ! ವೆಲ್ಮಿಯ ಎದೆ ಧಸಕ್ಕೆಂದಿತು.

ಹೊರಗೆ ನಡುಮಧ್ಯಾಹ್ನದ ಬಿಸಿಲು ಮರಳನ್ನು ಹುರಿಯುತ್ತಿತ್ತು. ಆದರೆ ನೆಲದವರೆಗೂ ಗರಿ ಹೊದಿಸಿದ ಆ ಮನೆಯೊಳಗೆ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗಿತ್ತು.

"ಯಾರದು?"

"ಆಮೇಲೆ ಹೇಳ್ತೀನಿ. ಮೊದಲು ನಿಮ್ಮ ಎಡಗಾಲು... ಹಾಗೇ ಇರಲಿ. ದಯವಿಟ್ಟು!"

ನೇರಳೆ ಬಣ್ಣದ ಮಂಕು ಬೆಳಕೊಂದು ನೆಲದ ಮೇಲೆ ಹರಿದು ಬಂದು ಅವಳ ಪಾದದ ಬಳಿ ನಿಂತಿತು. ಅವಳ ಕಿರುಬೆರಳಿಗೆ ತೀರಾ ಹತ್ತಿರದಲ್ಲಿ ಏನೋ ಹೊಳೆಯಿತು. ಹಸಿರು ಬೆಂಕಿಯಲ್ಲಿ ಅದ್ದಿ ತೆಗೆದಂಥ ಒಂದು ಚೇಳು! ಕೊಂಡಿ, ಕಾಲು, ಬೆನ್ನಿನ ಒಂದೊಂದು ಪಟ್ಟಿಯೂ ಎಣಿಸುವಷ್ಟು ಸ್ಪಷ್ಟ.

ವೆಲ್ಮಿ ಉಸಿರು ಬಿಗಿಹಿಡಿದಳು. ಆ ಮನುಷ್ಯ ಮೆಲ್ಲಗೆ ಬಗ್ಗಿ, ತೆಂಗಿನ ಚಿಪ್ಪೊಂದನ್ನು ಚೇಳಿನ ಮೇಲೆ ಕವುಚಿ, ಕೆಳಗೆ ಹಾಳೆಯ ತುಂಡು ತೂರಿಸಿ, ದೇವರ ಪ್ರಸಾದ ಹಿಡಿದವನಂತೆ ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಗೆ ಹೋದ. ಪೊದೆಯ ನೆರಳು ಹುಡುಕಿ ಅದನ್ನು ಅಲ್ಲಿ ಬಿಟ್ಟ.

ಅವಳು ಹಿಂದೆಯೇ ಬಂದಳು. ಹೆದರಿಕೆ ಇಳಿದ ಮೇಲೆ ಸಿಟ್ಟು ಏರಿತ್ತು.

"ಕೊಲ್ಲದೆ ಬಿಟ್ಟುಬಿಟ್ರಾ?"

"ಅದು ನಿಮ್ಮನ್ನ ಕುಟುಕಲಿಲ್ಲವಲ್ಲ."

"ಕುಟುಕಿದ್ರೆ?"

"ಅದರ ಮನೆಗೆ ನೀವು ಹೋದದ್ದು..."

"ಅದರ ಮನೆ ಅಲ್ಲ, ನನ್ನಮ್ಮನ ಹೊಗೆಮನೆ! ಹೆಂಗಸರ ಹೊಗೆಮನೆಗೆ ಕೆಮ್ಮದೆ ನುಗ್ಗೋ ಗಂಡಸನ್ನ ನಮ್ಮೂರಲ್ಲಿ ಚೇಳಿಗಿಂತ ಮೊದಲು ಹೊಡೀತಾರೆ. ಗೊತ್ತಾ?"

ಆತ ಗಾಬರಿಯಾಗಿ ಅವಳನ್ನೇ ನೋಡಿದ. ಆಮೇಲೆ, ಬಿಸಿಲಲ್ಲಿ ನಿಂತುಕೊಂಡೇ, ತುಂಬಾ ಶ್ರದ್ಧೆಯಿಂದ ಒಮ್ಮೆ ಕೆಮ್ಮಿದ.

ವೆಲ್ಮಿ ನಗು ತಡೆಯಲು ತುಟಿ ಕಚ್ಚಿಕೊಂಡಳು. 'ಎಂಥ ಪ್ರಾಣಿಯಪ್ಪಾ ಇದು...!'

ಆತನ ಹೆಸರು ಸಾಂಪೆ. ತೊರಾಜಾ ಬೆಟ್ಟದವನು, ದೂರದ ಮಕಾಸ್ಸರ್ ಪಟ್ಟಣದ ಕಾಲೇಜಿನಲ್ಲಿ ಪಾಠ ಹೇಳುವವನು. ಕೇಯಿ ದ್ವೀಪದ ಈ ವಾತ್ರೆನ್ ಹಳ್ಳಿಗೆ ಹೊಳೆಯುವ ಪ್ರಾಣಿಗಳನ್ನು ಹುಡುಕಿಕೊಂಡು ಬಂದಿದ್ದ.

"ಮಿಂಚುಹುಳ ನೋಡೋಕೆ ಇಷ್ಟು ದೂರ ಬರಬೇಕಾ?" ಎಂದಳು ವೆಲ್ಮಿ.

"ಮಿಂಚುಹುಳ ತನ್ನ ಬೆಳಕನ್ನ ತಾನೇ ಮಾಡ್ಕೊಳ್ಳುತ್ತೆ, ಅದು ಸಾಹುಕಾರ. ನಾನು ಹುಡುಕೋವು ಬಡವರು. ಮೈಮೇಲೆ ಬಿದ್ದ ಬೆಳಕನ್ನೇ ತಗೊಂಡು, ಬಣ್ಣ ಬದಲಾಯಿಸಿ ವಾಪಸ್ ಕೊಡ್ತಾವೆ. ಚೇಳು, ಕೆಲವು ಮೀನು, ಹವಳ..."

"ತಗೊಂಡದ್ದನ್ನ ಚೆಂದ ಮಾಡಿ ವಾಪಸ್ ಕೊಡೋರು ಬಡವರಲ್ಲ ಸಾರ್. ಮರ್ಯಾದಸ್ಥರು."

ಅಷ್ಟು ಹೇಳಿ ಅವಳು ಹೊರಟುಬಿಟ್ಟಳು. ಸಾಂಪೆ ಅವಳು ಹೋದ ದಾರಿಯನ್ನೇ ನೋಡುತ್ತಾ ನಿಂತ.

*

ಊರು ಅವನನ್ನು ಬೇಗ ಒಪ್ಪಿಕೊಂಡಿತು. "ಬೆಟ್ಟದ ಎಮ್ಮೆ ಕಡಲಿಗೆ ಬಂದಿದೆ" ಎಂದು ಗಂಡಸರು ಕಿಚಾಯಿಸಿದರೆ, "ಎಮ್ಮೆಗೂ ಈಜು ಬರುತ್ತೆ, ನಿಮ್ಮಷ್ಟು ಸದ್ದು ಮಾಡಲ್ಲ ಅಷ್ಟೇ" ಎನ್ನುತ್ತಿದ್ದ.

ಒಂದು ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಕಿಟಕಿಗಳಿಗೆಲ್ಲ ಚಾಪೆ ಇಳಿಬಿಟ್ಟು ಊರಿಗೆ ತನ್ನ ದೀಪ ತೋರಿಸಿದ. ಗಾಜಿನ ಬೋಗುಣಿಯ ಉಪ್ಪುನೀರಿನಲ್ಲಿ ಬೇರೆ ದಂಡೆಯಿಂದ ತಂದ ಅಣಬೆಯಂಥ ಹವಳವೊಂದಿತ್ತು. ಹಳದಿ ಕನ್ನಡಕವೊಂದು ಕೈಯಿಂದ ಕೈಗೆ ದಾಟಿತು. ನೋಡಿದವರೆಲ್ಲ "ಯೇಸುವೇ!" ಎಂದರು. ಮಣ್ಣುಬಣ್ಣದ ಆ ಕಲ್ಲು ಭತ್ತದ ಸಸಿಯ ಹಾಗೆ ಹಸಿರಾಗಿತ್ತು, ಅಂಚಿನಲ್ಲಿ ಕೆಂಡದ ಗೆರೆ.

"ನನಗೂ ಹಾಕು ಆ ಬೆಳಕು" ಎಂದು ಮುಂದೆ ಬಂದವರು ಓಮಾ ದೊರ್ಸಿ. ಊರಿಗೆಲ್ಲ ಅಜ್ಜಿ. ಕಡಲು ಕಾಯುವ ಹೆಂಗಸರಿಗೆ ಹಿರಿಯರು. ದೀಪ ಮುಖಕ್ಕೆ ಬಿದ್ದಾಗ ಅಜ್ಜಿ ಹಲ್ಲು ಕಿರಿದರು. ಪಕ್ಕದ ಹಲ್ಲುಗಳು ಬೆಳ್ಳಗೆ ಹೊಳೆದವು, ಮುಂದಿನ ನಾಲ್ಕು ಮಾತ್ರ ಕಪ್ಪಗೆ ಕೂತಿದ್ದವು.

"ಅದ್ಯಾಕೆ ಅವು ಹೊಳೆಯಲ್ಲ?"

"ಅದು... ಕಟ್ಟಿಸಿಕೊಂಡ ಹಲ್ಲು ಹೊಳೆಯಲ್ಲ ಓಮಾ..."

ಚರ್ಚು ಬಿದ್ದು ಬಿದ್ದು ನಕ್ಕಿತು. "ಇಷ್ಟು ವರ್ಷದಿಂದ ಮುಚ್ಚಿಟ್ಟಿದ್ದೆ, ಪಾಪಿ!" ಎಂದು ಅಜ್ಜಿ ಅವನ ಕಿವಿ ಹಿಂಡಿದರು. ಮರುದಿನ ಅವನ ಬಾಗಿಲಲ್ಲಿ ಮರಗೆಣಸಿನ ಬಿಸಿ ರೊಟ್ಟಿ ಇಟ್ಟು ಬಂದವರೂ ಅವರೇ.

ಆದರೆ ಸಾಂಪೆಗೆ ಬೇಕಿದ್ದ ಹವಳಗಳಿದ್ದದ್ದು ಮುಚ್ಚಿದ ಕಡಲಲ್ಲಿ. ದಡದ ಗೂಟಗಳಿಗೆ ಎಳೆ ತೆಂಗಿನ ಗರಿಯ ಜಡೆ ಕಟ್ಟಿತ್ತು. ಅದೇ ಹಾವಿಯರ್. ಅದು ಇರುವವರೆಗೆ ಆ ನೀರಿನಿಂದ ಒಂದು ಚಿಪ್ಪನ್ನೂ ಯಾರೂ ಎತ್ತುವಂತಿಲ್ಲ. ಆ ಜಡೆ ಕಟ್ಟುವ ಹಕ್ಕು ವೆಲ್ಮಿಗೆ ಅಮ್ಮನಿಂದ ಬಂದದ್ದು. ಅಪ್ಪ ಅಮ್ಮ ಇಬ್ಬರನ್ನೂ ಒಂದೇ ಬಿರುಗಾಳಿ ನುಂಗಿದ ಮೇಲೆ ಅವಳಿಗೆ ಉಳಿದದ್ದು ಎರಡೇ. ಆ ಹಕ್ಕು, ಮತ್ತು ಅಣ್ಣ ಯೋಪಿ.

"ನಾನು ಏನೂ ಮುಟ್ಟಲ್ಲ, ನೋಡ್ತೀನಿ ಅಷ್ಟೇ" ಎಂದ ಸಾಂಪೆ.

"ಎಲ್ಲರೂ ಹಾಗೇ ಹೇಳ್ತಾರೆ."

"ನೀವು ಜೊತೆಗೆ ಬನ್ನಿ. ನನ್ನ ಕೈ ನೋಡ್ತಾ ಇರಿ."

ವೆಲ್ಮಿ ಹಗಲೆಲ್ಲ ಯೋಚಿಸಿದಳು. ಸಂಜೆ ಒಂದು ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ ಇಟ್ಟುಕೊಂಡು ಓಮಾ ದೊರ್ಸಿಯ ಮುಂದೆ ಇಳಿಸಿದಳು. ಹೊರಗಿನವನಿಗಾಗಿ ವಾತ್ರೆನ್ನಿನ ಹೆಣ್ಣೊಬ್ಬಳು ತಟ್ಟೆ ಇಟ್ಟರೆ ಅವಳು ಅವನಿಗೆ ಜಾಮೀನು.

"ಯೋಚನೆ ಮಾಡಿದ್ದೀಯಾ ಮಗಳೇ?"

"ಮಾಡಿದ್ದೀನಿ ಓಮಾ."

ಅಜ್ಜಿ ಬೇರೇನೂ ಕೇಳಲಿಲ್ಲ. ಒಂದು ಎಲೆ ಮಡಿಸಿ ಬಾಯಿಗೆ ಹಾಕಿಕೊಂಡರು. ಅಲ್ಲಿಗೆ ಒಪ್ಪಿಗೆ.

ಆ ತಟ್ಟೆಯ ಅರ್ಥವನ್ನು ಸಾಂಪೆಗೆ ಯಾರೂ ಹೇಳಲಿಲ್ಲ. ಊರಿನ ಎಲ್ಲರಿಗೂ ಗೊತ್ತಿರುವುದನ್ನು ಯಾರು ತಾನೇ ಬಾಯಿಬಿಟ್ಟು ಹೇಳುತ್ತಾರೆ?

*

ಅವನು ಬೆನ್ನಿಗೆ ಗಾಳಿಯ ಉರುಳೆ ಹೊತ್ತು ಇಳಿದ. ಅವಳು ಎದೆತುಂಬ ಉಸಿರು ತುಂಬಿಕೊಂಡು ಇಳಿದಳು. ಬಂಡೆಯ ಚಾಚಿನ ಕೆಳಗೆ, ಹಗಲಲ್ಲೂ ನೀಲಿ ಮಬ್ಬು ತುಂಬಿರುವಲ್ಲಿ, ಅವನು ದೀಪ ಹಚ್ಚಿ ಅವಳ ಈಜುಕನ್ನಡಕದ ಮೇಲೆ ಹಳದಿ ಗಾಜು ಸಿಕ್ಕಿಸಿದ.

ವೆಲ್ಮಿ ಉಸಿರನ್ನೇ ಮರೆತಳು.

ಬಾಲ್ಯದಿಂದ ಕಂಡ ಬಂಡೆ ಅದು! ಕಂದು ಬಣ್ಣದ ಗೊಡ್ಡು ಹವಳಗಳೆಂದು ಅವಳು ತಿರುಗಿಯೂ ನೋಡದವು ಹಸಿರು, ಕಿತ್ತಳೆ, ಕೆಂಪಾಗಿ ಉರಿಯುತ್ತಿದ್ದವು. ಕಲ್ಲೆಂದುಕೊಂಡದ್ದು ಕಣ್ಣು ಬಿಟ್ಟಿತು. ಅದೊಂದು ಕೆಂಪು ಮೀನು!

ಮೇಲೆ ಬಂದು ದೋಣಿಯ ಅಂಚು ಹಿಡಿದುಕೊಂಡಾಗ ಅವಳ ಕಣ್ಣಲ್ಲಿ ನೀರಿತ್ತು.

"ಇಷ್ಟು ವರ್ಷವೂ ಇವು ಹೀಗೇ ಇದ್ವಾ?"

"ಹೀಗೇ ಇದ್ವು. ನೋಡೋ ಬೆಳಕು ಇರಲಿಲ್ಲ ಅಷ್ಟೇ."

ಅವನು ತನ್ನ ಒಣ ಟವೆಲನ್ನು ಅವಳ ಹೆಗಲಿಗೆ ಹೊದಿಸಿ, ತಾನು ಒದ್ದೆಮೈಯಲ್ಲೇ ನಡುಗುತ್ತಾ ಹುಟ್ಟು ಹಾಕತೊಡಗಿದ. ಗಾಳಿ ಬೀಸುವ ಕಡೆಗೆ ತಾನೇ ಕೂತಿದ್ದ, ಅವಳಿಗೆ ಚಳಿ ತಾಗದಿರಲೆಂದು. ವೆಲ್ಮಿ ಅದನ್ನು ಗಮನಿಸಿದಳು. ಗಮನಿಸಿದ್ದನ್ನು ಹೇಳಲಿಲ್ಲ.

ದಡ ಹತ್ತಿರವಾದಾಗ ಅವನೇ ಹೇಳಿದ. "ವೆಲ್ಮಿ... ನನಗೆ ಮಕಾಸ್ಸರಿಗೆ ವಾಪಸ್ ಹೋಗೋಕೆ ಮನಸ್ಸಿಲ್ಲ."

"ಹವಳ ಅಷ್ಟು ಹಿಡಿಸ್ತಾ?"

"ಹವಳನಾ?" ಅವನು ನಕ್ಕ. "ಹೂಂ... ಹವಳ ಅಂತಲೇ ಇಟ್ಕೋ."

ಅಂದು ಮೊದಲ ಬಾರಿಗೆ ಅವನು 'ನೀನು' ಎಂದಿದ್ದ. ಕತ್ತಲಲ್ಲಿ ಚೇಳಿಗೆ ಹೆದರದಿರಲೆಂದು ತನ್ನ ಸಣ್ಣ ದೀಪವೊಂದನ್ನೂ ಅವಳಿಗೆ ಕೊಟ್ಟ. "ಎಲ್ಲಿಗೇ ಕೈ ಹಾಕೋ ಮುಂಚೆ ಒಮ್ಮೆ ಹಾಕಿ ನೋಡು."

*

ಕಡಲು ತೆರೆಯುವ ದಿನ ಹತ್ತಿರ ಬಂತು. ಅದಕ್ಕೆ ಮೊದಲು ಹೆಂಗಸರು ಮುಳುಗಿ ನೋಡುವುದು ರೂಢಿ.

ಮೊದಲು ಮೇಲೆ ಬಂದವಳು ಕಿರುಚಿದಳು.

ಬಂಡೆಚಾಚಿನ ಕೆಳಗೆ ಹವಳಗಳಿರಲಿಲ್ಲ. ಉಳಿಯಿಂದ ಎಬ್ಬಿಸಿದ ಬಿಳಿ ಬುಡಗಳು ಮಾತ್ರ ಕಿತ್ತ ಹಲ್ಲಿನ ಗಾಯದಂತೆ ಬಾಯಿ ತೆರೆದಿದ್ದವು. ಕದ್ದವರು ಸಿಕ್ಕಿದ್ದನ್ನು ದೋಚಿರಲಿಲ್ಲ. ಹೊಳೆಯುವಂಥವನ್ನೇ ಆರಿಸಿ ಕೊಂಡೊಯ್ದಿದ್ದರು! ದೂರದ ಪೇಟೆಗಳಲ್ಲಿ ಗಾಜಿನ ತೊಟ್ಟಿಗೆ ಅಂಥವನ್ನು ಕೊಳ್ಳುವವರಿದ್ದಾರೆಂದು, ಅವರ ದೋಣಿಗಳು ಹೊರಗಡಲಲ್ಲಿ ಸುಳಿಯುತ್ತವೆಂದು ಊರಿಗೆ ಗೊತ್ತಿತ್ತು.

ಚರ್ಚಿನ ಮುಂದಿನ ಕಾಡುಬಾದಾಮಿ ಮರದಡಿ ಊರೆಲ್ಲ ಸೇರಿತು. ಮಧ್ಯದಲ್ಲಿ ಮುಚ್ಚಿದ ಕಡಲಿನ ನೀರು ತುಂಬಿದ ತೆಂಗಿನ ಚಿಪ್ಪು. ತಪ್ಪು ಒಪ್ಪಿಕೊಳ್ಳುವವನು ಆ ನೀರು ಮುಟ್ಟಿ ಹೇಳಬೇಕು. ಯಾರೂ ಒಪ್ಪದಿದ್ದರೆ ಪ್ರತಿ ಮನೆಯವನೂ ಮುಟ್ಟಿ ಆಣೆ ಮಾಡಬೇಕು. ಸುಳ್ಳಾಣೆ ಮಾಡಿದವನನ್ನು ಕಡಲು ಕರೆದುಕೊಳ್ಳುತ್ತದೆ. ಅದರಲ್ಲಿ ವಾತ್ರೆನ್ನಿನ ಯಾರಿಗೂ ಸಂಶಯವಿಲ್ಲ.

ಒಬ್ಬೊಬ್ಬರಾಗಿ ಮುಟ್ಟಿದರು. ಯೋಪಿಯ ಸರದಿ ಬಂತು. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. 'ಪಾಪ ಅಣ್ಣ, ರಾತ್ರಿಯಿಂದ ಜ್ವರವಿರಬೇಕು' ಎಂದುಕೊಂಡಳು ವೆಲ್ಮಿ. ಅವನು ಚಿಪ್ಪಿನ ಕಡೆಗೆ ಕೈ ಚಾಚಿದ...

"ನಿಲ್ಲಿ!"

ಸಾಂಪೆ ಎದ್ದು ನಿಂತಿದ್ದ.

"ನಾನು. ತೆಗೆದದ್ದು ನಾನು."

ಊರೆಲ್ಲ ಅವನತ್ತ ತಿರುಗಿತು.

ವೆಲ್ಮಿ ಅವನನ್ನೇ ನೋಡಿದಳು. 'ಇಲ್ಲ... ತಮಾಷೆ. ಈಗ ನಗ್ತಾನೆ...' ಅವನು ನಗಲಿಲ್ಲ. ಅವಳ ಕಡೆ ತಿರುಗಲೂ ಇಲ್ಲ.

ಓಮಾ ದೊರ್ಸಿ ನಿಧಾನವಾಗಿ ಎದ್ದರು. ಮನೆಯೊಳಗಿಂದ ಒಂದು ತಟ್ಟೆ ತರಿಸಿದರು. ವೆಲ್ಮಿ ಇಟ್ಟಿದ್ದ ಅದೇ ತಟ್ಟೆ. ಅದನ್ನು ಅವಳ ಮುಂದೆ ಬೋರಲು ಹಾಕಿದರು. ಅಜ್ಜಿಯ ಕೈ ತಟ್ಟೆಯ ಮೇಲೆ ಸ್ವಲ್ಪ ಹೊತ್ತು ಉಳಿಯಿತು, ಎತ್ತಲು ಮನಸ್ಸಿಲ್ಲದಂತೆ.

"ಜಡೆ ಕಟ್ಟೋ ಹಕ್ಕು ಇವತ್ತಿಗೆ ನಿನ್ನದಲ್ಲ ಮಗಳೇ. ಜಾಮೀನು ನಿಂತವಳು ನೀನು."

"ಏನು?" ಸಾಂಪೆ ಬೆಚ್ಚಿಬಿದ್ದ. "ಇಲ್ಲ... ಅವಳು ಯಾಕೆ? ಅವಳದೇನೂ ತಪ್ಪಿಲ್ಲ! ಶಿಕ್ಷೆ ನನಗೆ ಕೊಡಿ!"

"ನಿನಗೇನು ಕೊಡೋದು? ಮುಂದಿನ ಹಡಗು ಹತ್ತಿ ಹೋಗ್ತೀಯ. ಇಲ್ಲೇ ಇರೋಳು ಅವಳು."

ಅವನ ಮುಖ ಬೂದಿಯಾಯಿತು. "ವೆಲ್ಮಿ, ನನಗೆ ಗೊತ್ತಿರಲಿಲ್ಲ..."

ಅವಳು ಎದ್ದು ಅವನೆದುರು ಬಂದಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

"ನಿನ್ನ ಕೈ ನೋಡ್ತಾ ಇರು ಅಂತ ನೀನೇ ಅಂದಿದ್ದೆ. ನಾನು ನೋಡ್ತಾನೇ ಇದ್ದೆ ಸಾಂಪೆ. ಕೈಯನ್ನಲ್ಲ, ಮುಖಾನ. ಅದೇ ನಾನು ಮಾಡಿದ ತಪ್ಪು."

*

ಹಡಗು ಬರಲು ಇನ್ನೂ ಕೆಲವು ದಿನವಿತ್ತು. ಅಲ್ಲಿಯವರೆಗೆ ಸಾಂಪೆಯನ್ನು ಚರ್ಚಿನ ಹಿಂದಿನ ಕೋಣೆಯಲ್ಲಿ ಇರಿಸಿದರು. ಬೀಗ ಹಾಕಲಿಲ್ಲ. ಯಾರೂ ಮಾತಾಡಿಸಲೂ ಇಲ್ಲ.

ವೆಲ್ಮಿ ಒಮ್ಮೆ ಹೋದಳು. ಬಾಗಿಲಲ್ಲೇ ನಿಂತು ಕೇಳಿದಳು.

"ಯಾಕೆ?"

ಅವನು ತಲೆ ತಗ್ಗಿಸಿದ.

"ಯಾಕೆ ಅಂತ ಹೇಳು, ಸಾಕು. ಆಸೆಯಿಂದಾನಾ? ಯಾರಾದ್ರೂ ಹೆದರಿಸಿದ್ರಾ? ಒಂದು ಮಾತು ಹೇಳು... ನಾನು ದ್ವೇಷಿಸೋಕಾದ್ರೂ ಒಂದು ಕಾರಣ ಕೊಡು!"

"ಅದನ್ನ ಮಾತ್ರ ಕೇಳಬೇಡ ವೆಲ್ಮಿ."

ಅಷ್ಟೇ. ಅವಳು ಮರಳಿ ಬರುವಾಗ ದಾರಿಯಲ್ಲಿ ಹೆಂಗಸರು ಗೂಟಗಳ ಬಳಿ ನಿಂತಿದ್ದರು. ಕಡಲು ತೆರೆದು ಮತ್ತೆ ಮುಚ್ಚುವ ದಿನಕ್ಕೆಂದು ಹೊಸ ಜಡೆ ಹೆಣೆಯುತ್ತಿದ್ದರು. ಅವಳನ್ನು ಕಂಡು ಮಾತು ನಿಲ್ಲಿಸಿದರು. ಅಮ್ಮನ ಜಾಗದಲ್ಲಿ ಬೇರೊಬ್ಬಳು ಕೂತಿದ್ದಳು. ಆ ಬೇರೊಬ್ಬಳು ಮಾತ್ರ ಗರಿಯನ್ನು ತೊಡೆಯ ಮೇಲಿಟ್ಟುಕೊಂಡು, ವೆಲ್ಮಿ ದಾಟಿ ಹೋಗುವ ತನಕ ಹೆಣೆಯಲಿಲ್ಲ. ಆ ಮರುಕವನ್ನು ನೋಡಲಾರದೆ ವೆಲ್ಮಿ ಹೆಜ್ಜೆ ಚುರುಕುಗೊಳಿಸಿದಳು.

'ಅಮ್ಮಾ... ನೀನು ಕೊಟ್ಟದ್ದನ್ನ ಯಾರಿಗೋ ನಂಬಿ ಕೊಟ್ಟುಬಿಟ್ಟೆ.'

ಯೋಪಿ ಆ ದಿನಗಳಲ್ಲಿ ಅವಳನ್ನು ಹಸುಗೂಸಿನಂತೆ ನೋಡಿಕೊಂಡ. ತಾನೇ ನೀರು ತಂದ, ತಾನೇ ಮೀನು ಸುಟ್ಟ. ಮುಳ್ಳು ತೆಗೆದು ಅವಳ ಎಲೆಗೆ ಹಾಕಿದ. ತಾನು ಮಾತ್ರ ಒಂದು ತುತ್ತೂ ತಿನ್ನಲಿಲ್ಲ.

"ಮರೆತುಬಿಡು ವೆಲ್ಮಿ. ಹೊರಗಿನೋನು. ಹಾಗೇ ಅಂದ್ಕೋ."

"ನೀನು ತಿನ್ನು ಅಣ್ಣ. ನನಗೋಸ್ಕರ ಎಷ್ಟು ಸೊರಗಿಹೋಗಿದ್ದೀಯ!"

ಯೋಪಿ ಎದ್ದು ಹೊರಗೆ ಹೋದ. ಅವನು ಕೈತೊಳೆಯಲು ಹೋದನೆಂದು ಅವಳು ತಿಳಿದಳು.

*

ಹಡಗು ಬರುವ ಹಿಂದಿನ ದಿನ ಬೆಳಗ್ಗೆ ವೆಲ್ಮಿ ಬಲೆಯ ಹಗ್ಗ ತರಲು ಅಣ್ಣನ ದೋಣಿ ಚಪ್ಪರಕ್ಕೆ ಹೋದಳು. ಗರಿ ಹೊದಿಸಿದ ಚಪ್ಪರ, ಒಳಗೆ ಕತ್ತಲೆ. ಹಗ್ಗದ ರಾಶಿಗೆ ಕೈಹಾಕುವ ಮೊದಲು, ಅಭ್ಯಾಸಬಲದಿಂದ, ಸೊಂಟದ ಚೀಲದಿಂದ ಆ ಸಣ್ಣ ದೀಪ ತೆಗೆದಳು.

'ಅವನನ್ನ ಎಸೆದೆ. ಅವನು ಕಲಿಸಿದ್ದನ್ನ ಎಸೆಯೋಕೆ ಆಗಲಿಲ್ಲವಲ್ಲ...' ತನ್ನ ಮೇಲೇ ಸಿಟ್ಟು ಬಂತು. ಗುಂಡಿ ಒತ್ತಿದಳು.

ಚೇಳಿರಲಿಲ್ಲ.

ಆದರೆ ದೋಣಿಯ ತಳದ ಹಲಗೆಗಳ ಸಂದಿನಲ್ಲಿ ಏನೋ ಹಸಿರಾಗಿ ಮಿನುಗಿತು. ಬಲೆಯ ಕಣ್ಣುಗಳಲ್ಲಿ, ಬುಟ್ಟಿಯ ಹೆಣಿಗೆಯಲ್ಲಿ, ಉಳಿಯ ಹಿಡಿಯಲ್ಲಿ ಚೂರು ಚೂರಾಗಿ ಹಸಿರು, ಕಿತ್ತಳೆ. ಒಡೆದ ಮೇಲೂ ಹವಳದ ಚೂರು ಕೆಲವು ದಿನ ಹೊಳೆಯುತ್ತದೆ ಎಂದು ಸಾಂಪೆ ಒಮ್ಮೆ ಹೇಳಿದ್ದ.

ಅವಳು ದೀಪ ಆರಿಸಿದಳು. ಬರಿಯ ಮಣ್ಣು, ಮರಳು. ಮತ್ತೆ ಹಚ್ಚಿದಳು. ಅವು ಅಲ್ಲೇ ಇದ್ದವು.

"ಅಯ್ಯೋ..."

ಹಿಂದೆ ಹೆಜ್ಜೆ ಸದ್ದಾಯಿತು. ಚಪ್ಪರದ ಬಾಗಿಲಲ್ಲಿ ಯೋಪಿ.

ತಂಗಿಯ ಕೈಯಲ್ಲಿದ್ದ ಬೆಳಕನ್ನು, ಅದು ಬಿದ್ದಿದ್ದ ಜಾಗವನ್ನು ಅವನು ನೋಡಿದ. ಅಲ್ಲೇ ಕುಸಿದು ಕೂತ.

"ಬೆರ್ಗಿತಾಳನ್ನ ನನಗೆ ಮದುವೆ ಮಾಡಿಕೊಡೋಕೆ ಅವಳ ಅಪ್ಪ ತೆರ ಅಂತ ಹಳೇ ಕಾಲದ ಕಂಚಿನ ಫಿರಂಗಿ ತೋಪು ಕೇಳಿದ ವೆಲ್ಮಿ. ತೋಪಿಲ್ಲದೆ ಹೆಣ್ಣಿಲ್ಲ ಅಂದುಬಿಟ್ಟ. ಎಷ್ಟು ವರ್ಷ ಕಾಯ್ತಾಳೆ ಅವಳು? ನಮ್ಮನೇಲಿ ಇದ್ದ ತೋಪು ಅಪ್ಪನ ಕಾಲದಲ್ಲೇ ಹೋಯ್ತು. ಹೊರಗಡಲಿನ ದೋಣಿಯೋನು ಹೊಳೆಯೋ ಹವಳ ತಂದ್ರೆ ತೋಪು ಹುಡುಕಿ ಕೊಡ್ತೀನಿ ಅಂದ. ಎಂಥದು ಹೊಳೆಯುತ್ತೆ ಅಂತ ಚರ್ಚಲ್ಲಿ ನೋಡಿದ್ದೆ, ಅವು ಎಲ್ಲಿವೆ ಅಂತ ನೀನೇ ಹೇಳಿದ್ದೆಯಲ್ಲ..."

"ನಾನು ಕಟ್ಟಿದ ಜಡೆ ಅಣ್ಣ! ನನ್ನ ಕೈಯಿಂದ ಕಟ್ಟಿದ ಜಡೆ ದಾಟಿ ಹೋದೆಯಾ?"

ಯೋಪಿ ಮುಖ ಮುಚ್ಚಿಕೊಂಡ.

ಅವಳಿಗೆ ಇನ್ನೊಂದು ಹೊಳೆಯಿತು. ಅದು ಇನ್ನೂ ಆಳಕ್ಕೆ ಚುಚ್ಚಿತು.

"ಸಾಂಪೆಗೆ ಗೊತ್ತಿತ್ತಾ?"

"ಅವನೇ ಮೊದಲು ನೋಡಿದ್ದು. ಚಪ್ಪರಕ್ಕೆ ಹಗ್ಗ ಕೇಳೋಕೆ ಬಂದಿದ್ದ, ಕೈಯಲ್ಲಿ ದೀಪ ಇತ್ತು. ನಿನ್ನ ತಂಗಿಗೆ ನೀನೇ ಹೇಳು ಅಂದ. ನನ್ನ ಕೈಲಾಗಲಿಲ್ಲ. ಆಮೇಲೆ ಸುಳ್ಳಾಣೆ ಮಾಡೋಕೆ ಕೈ ಚಾಚಿದ್ದೆ... ಅವನು ಎದ್ದುಬಿಟ್ಟ."

*

ಚರ್ಚಿನ ಹಿಂದಿನ ಕೋಣೆಯ ಬಾಗಿಲು ದಡಾರನೆ ತೆರೆಯಿತು. ಸಾಂಪೆ ಬಟ್ಟೆ ಮಡಿಸುತ್ತಿದ್ದ. ವೆಲ್ಮಿ ಒಂದೇ ಹೆಜ್ಜೆಗೆ ಬಂದು ಅವನ ಕೈಯಿಂದ ಅಂಗಿ ಕಿತ್ತು ನೆಲಕ್ಕೆಸೆದಳು.

"ದೊಡ್ಡ ತ್ಯಾಗರಾಜ! ನಿನ್ನನ್ನ ಯಾರು ಕೇಳಿದ್ರು?"

ಅವನಿಗೆ ಅರ್ಥವಾಯಿತು. "ಯೋಪಿ ಹೇಳಿದನಾ?"

"ಹವಳ ಹೇಳ್ತು! ನೀನು ಹೇಳಬೇಕಾದದ್ದನ್ನ!"

"ವೆಲ್ಮಿ... ನನ್ನವರು ಅಂತ ಉಳಿದಿರೋದು ಅಣ್ಣನೊಬ್ಬನೇ ಅಂತ ನೀನೇ ಹೇಳಿದ್ದೆ. ಅವನೂ ಹೋದ್ರೆ ನಿನಗೆ ಯಾರು ಅಂತ..."

"ನೀನು ಹೋದ್ರೆ ಪರವಾಗಿಲ್ಲ ಅಂತ ಯಾರು ಹೇಳಿದ್ರು ನಿನಗೆ?"

ಸಾಂಪೆ ಬಗ್ಗಿ ಎತ್ತಿಕೊಳ್ಳುತ್ತಿದ್ದ ಅಂಗಿಯನ್ನು ಮತ್ತೆ ನೆಲಕ್ಕೆ ಬಿಟ್ಟ.

"ಅಣ್ಣ ಹವಳ ಕದ್ದ. ಅದು ದೊಡ್ಡ ತಪ್ಪೇ. ಆದ್ರೆ ನೀನು?" ಅವಳ ದನಿ ಒಡೆಯಿತು. "ನಾನು ನಿನ್ನನ್ನ ನಂಬಿದ್ದು ಸುಳ್ಳಾಗಿರಲಿಲ್ಲ. ನೀನೇ ಅದನ್ನ ಸುಳ್ಳು ಅಂತ ಊರ ಮುಂದೆ ಸಾರಿದೆ. ಇಷ್ಟು ದಿನ ನನ್ನ ಕಣ್ಣನ್ನೇ ನಾನು ಬೈದುಕೊಂಡೆ, ಗೊತ್ತಾ? ಮನುಷ್ಯರನ್ನ ನೋಡೋಕೆ ಬರದ ಕಣ್ಣು ಅಂತ! ಅಣ್ಣನ್ನ ಉಳಿಸಿದೆ ಅಂದ್ಕೊಂಡ್ಯಲ್ಲ, ನನ್ನಿಂದ ನನ್ನನ್ನೇ ಕಿತ್ಕೊಂಡೆ ನೀನು."

"ನಿನಗೆ ನೋವಾಗಬಾರದು ಅಂತ..."

"ನನ್ನ ನೋವು ನನ್ನದು! ಅದನ್ನ ನನಗೆ ಕೊಡಬೇಕಿತ್ತು. ಬಚ್ಚಿಡೋಕೆ ನೀನು ಯಾರು?"

ಅವನು ಮಡಿಸಿದ್ದ ಬಟ್ಟೆಗಳನ್ನು ಬದಿಗೆ ಸರಿಸಿದ. "ತಪ್ಪು ನನ್ನದು. ಈ ಸಲ ನಿಜವಾಗಲೂ ನನ್ನದು."

"ನಾಳೆ ಹಡಗು ಹತ್ತಬೇಡ. ಊರ ಮುಂದೆ ಬಾ." ಬಾಗಿಲವರೆಗೆ ಹೋಗಿ ತಿರುಗಿ ನಿಂತಳು. "ಕ್ಷಮಿಸಿದ್ದೀನಿ ಅಂತ ಅಂದ್ಕೋಬೇಡ."

*

ಮರುದಿನ ಅದೇ ಮರದಡಿ, ಅದೇ ಚಿಪ್ಪಿನ ಮುಂದೆ, ಯೋಪಿ ತಾನಾಗಿಯೇ ಬಂದು ನಿಂತ. ವೆಲ್ಮಿ ಅವನನ್ನು ಎಳೆದು ತಂದಿರಲಿಲ್ಲ. ರಾತ್ರಿಯೆಲ್ಲ ಜಗಲಿಯಲ್ಲಿ ಕೂತಿದ್ದ ಅಣ್ಣನ ಪಕ್ಕದಲ್ಲಿ ಸುಮ್ಮನೆ ಕೂತಿದ್ದಳು ಅಷ್ಟೇ.

ಯೋಪಿ ನೀರು ಮುಟ್ಟಿದ. "ನಾನು ತೆಗೆದೆ. ಸಾಂಪೆ ಅಲ್ಲ."

ಗದ್ದಲವೆದ್ದಿತು. ಓಮಾ ದೊರ್ಸಿ ಕೈಯೆತ್ತಿದರು.

"ನನಗೆ ಅನುಮಾನ ಇತ್ತು. ಆ ದಿನ ಬೆಟ್ಟದ ಎಮ್ಮೆ ಎದ್ದು ನಿಂತು ಕೂಗಿತು, ನೀರು ಮುಟ್ಟಲಿಲ್ಲ. ನೀರು ಮುಟ್ಟದ ಮಾತಿಗೆ ನಾನೂ ಅವಸರಪಟ್ಟೆ." ಅಜ್ಜಿ ಸಾಂಪೆಯ ಕಡೆ ತಿರುಗಿದರು. "ಯಾಕಪ್ಪ, ಮುಟ್ಟೋಕೆ ಭಯವಾಯ್ತಾ?"

"ಇಲ್ಲ ಓಮಾ. ಅದು ನಿಮ್ಮ ಕಡಲು. ಅದಕ್ಕೆ ಸುಳ್ಳು ಹೇಳೋಕೆ ಮನಸ್ಸಾಗಲಿಲ್ಲ."

"ನಮ್ಮ ಮುಖಕ್ಕೆ ಹೇಳಬಹುದಾ?"

ಯಾರೋ ಕಿಸಕ್ಕೆಂದರು. ಸಾಂಪೆ ತಲೆ ತಗ್ಗಿಸಿದ.

ತೀರ್ಪು ಸುಲಭವಾಗಿರಲಿಲ್ಲ. ಮುರಿದ ಬಂಡೆ ಚೇತರಿಸುವ ತನಕ ಕಡಲು ಇನ್ನೊಂದು ಸುಗ್ಗಿ ಮುಚ್ಚಿಯೇ ಇರಬೇಕಾಯಿತು. ಹೆಂಗಸರ ಪಾಲಿನ ಶಂಖ, ಸಿಂಪಿ ಎಲ್ಲವೂ ನೀರಲ್ಲೇ ಉಳಿದವು. ಗೊಣಗಿದರು, ಕೆಲವರು ಅತ್ತರು. ಯೋಪಿ ಒಂದು ವರ್ಷ ಬಲೆ ಮುಟ್ಟುವಂತಿಲ್ಲ, ಆ ಬಂಡೆಯ ಕಾವಲು ಅವನದೇ. ಬೆರ್ಗಿತಾ ಪಕ್ಕದ ದ್ವೀಪದಿಂದ ಒಬ್ಬಳೇ ದೋಣಿ ಹುಟ್ಟುಹಾಕಿಕೊಂಡು ಬಂದು ಅವನನ್ನು ಬಾಯಿತುಂಬ ಬೈದಳು. ಬೈದಾದ ಮೇಲೆ ಹೋಗಲಿಲ್ಲ. ಸಂಜೆಯ ತನಕ ಅವನ ಜೊತೆ ಕಾವಲಿಗೆ ಕೂತಿದ್ದಳು.

"ನನ್ನ ಅಣ್ಣ ಮಾಡಿದ್ದು ಓಮಾ. ತಟ್ಟೆ ಬೋರಲೇ ಇರಲಿ" ಎಂದಿದ್ದಳು ವೆಲ್ಮಿ, ತೀರ್ಪಿನ ಹೊತ್ತಿನಲ್ಲಿ. ಈ ಮಾತು ಹೇಳಲು ಅವಳು ಎದೆ ಗಟ್ಟಿಮಾಡಿಕೊಂಡೇ ಬಂದಿದ್ದಳು.

ಅಜ್ಜಿ ತಟ್ಟೆಯನ್ನು ಸೆರಗಿನಿಂದ ಒರೆಸಿ ಅವಳ ಕೈಗಿಟ್ಟರು. "ಜಾಮೀನು ಹೊರಗಿನೋರಿಗೆ. ಮನೆಯೋನಿಗೆ ಜಾಮೀನು ಇಲ್ಲ, ಅವನ ಪಾಪ ಅವನ ತಲೆಗೆ. ನಿನ್ನ ಅಣ್ಣನ ಮುಖ ಉಳಿಸೋದಕ್ಕಿಂತ ಕಡಲಿನ ಮುಖ ಉಳಿಸಿದೆ. ಜಡೆ ಕಟ್ಟೋಕೆ ಇನ್ಯಾರು ಬೇಕು?"

ಆಗ ವೆಲ್ಮಿ ಅತ್ತಳು. ತಟ್ಟೆಯನ್ನು ಎದೆಗೊತ್ತಿಕೊಂಡು, ಊರೆಲ್ಲ ನೋಡುತ್ತಿರುವಂತೆಯೇ.

ಸುಳ್ಳು ಹೇಳಿದ್ದಕ್ಕೆ ಸಾಂಪೆಗೂ ಶಿಕ್ಷೆಯಾಯಿತು. ಸುಗ್ಗಿ ಮುಗಿಯುವ ತನಕ ಹಾವಿಯರ್ ಜಡೆಗೆ ಗರಿ ಸೀಳಿ ಕೊಡಬೇಕು. ವೆಲ್ಮಿಯ ಕೈಕೆಳಗೆ.

*

ಗರಿ ಸೀಳುವುದು ಅವನಿಗೆ ಕೊನೆಗೂ ಬರಲಿಲ್ಲ.

ಮೊದಮೊದಲು ಅವಳು "ಅಗಲ", "ಸಣ್ಣ", "ಹರಿದೆ" ಎಂಬ ಮೂರು ಪದ ಬಿಟ್ಟು ಮಾತಾಡಲಿಲ್ಲ. ಅವನು ಓಲೈಸಲಿಲ್ಲ, ಗೋಗರೆಯಲಿಲ್ಲ. ದಿನವೂ ಬಂದ. ಒಂದು ಬೆಳಗ್ಗೆ ಬಂದವನೇ ಹೇಳಿದ. "ನೆರೆಮನೆಯೋರು ನಿನ್ನ ಅಣ್ಣನಿಗೆ ಕೆಟ್ಟದಾಗಿ ಬೈದರು. ನಿನಗೆ ನೋವಾಗುತ್ತೆ. ಆದ್ರೂ ನಿನಗೆ ಹೇಳಬೇಕು ಅನ್ನಿಸ್ತು."

ನೋವಾಯಿತು. ಆದರೆ ಆ ನೋವಿನ ಕೆಳಗೆ, ಎಷ್ಟೋ ದಿನದಿಂದ ಬಿಗಿದಿದ್ದ ಏನೋ ಒಂದು ಸಡಿಲವಾಯಿತು. ಆ ದಿನ ಅವಳು ತನ್ನ ಬುತ್ತಿಯಲ್ಲಿ ಅರ್ಧ ಅವನ ಕಡೆ ಸರಿಸಿದಳು.

ಸುಗ್ಗಿಯ ಕೊನೆಯ ಮಧ್ಯಾಹ್ನ ಇಬ್ಬರೂ ದಡದಲ್ಲಿ ಕೂತಿದ್ದರು. ಇಳಿತದ ನೀರು ದೂರ ಸರಿದಿತ್ತು. ನಡುವೆ ಖಾಲಿಯಾದ ಊಟದ ಪಾತ್ರೆ.

"ಬಂಡೆ ಹೇಗಿದೆ ಅಂತ ಒಮ್ಮೆ ಇಳಿದು ನೋಡಬೇಕು" ಎಂದ ಸಾಂಪೆ ಹಿಂಜರಿಯುತ್ತಾ. "ಕೇಳೋಕೆ ಮುಖ ಇಲ್ಲ. ಆದ್ರೂ... ಇನ್ನೊಂದು ಸಲ ನನಗೋಸ್ಕರ ತಟ್ಟೆ ಇಡ್ತೀಯಾ?"

"ಇಲ್ಲ."

"ಸರಿ... ನ್ಯಾಯವೇ."

"ನಿನಗೆ ಇನ್ನು ಯಾವತ್ತೂ ತಟ್ಟೆ ಇಡಲ್ಲ ಸಾಂಪೆ." ಅವಳು ಗರಿಯ ತುದಿ ಮಡಚುತ್ತಾ, ಅವನ ಕಡೆ ನೋಡದೆ ಹೇಳಿದಳು. "ಮನೆಯೋನಿಗೆ ಜಾಮೀನು ಇಲ್ಲ. ಓಮಾ ಹೇಳಿದ್ದು ಕೇಳಿಸಲಿಲ್ವಾ?"

ಅವನ ಕೈಯ ಗರಿ ಜಾರಿ ಬಿತ್ತು.

"ವೆಲ್ಮಿ...! ಅಂದ್ರೆ..."

"ಅಂದ್ರೆ ಅಂದ್ರೆ! ಮೇಷ್ಟರಾಗಿ ಇಷ್ಟು ಅರ್ಥವಾಗಲ್ವಾ?"

"ನಾನು ನಿನ್ನನ್ನ ಪ್ರೀತಿಸ್ತೀನಿ. ನಿನಗೆ ಗೊತ್ತು. ಆದ್ರೆ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳದೇ ಇಟ್ಟುಕೊಳ್ಳೋ ಚಾಳಿ ಇವತ್ತಿಗೆ ಮುಗೀಲಿ."

ವೆಲ್ಮಿಯ ಕೆನ್ನೆ ಕೆಂಪೇರಿತು. ಆದರೂ ದನಿ ಗಟ್ಟಿಯಾಗಿತ್ತು. "ನನಗೆ ನೋವಾಗುತ್ತೆ ಅಂತ ಸುಳ್ಳು ಹೇಳಲ್ವಾ?"

"ಹೇಳಲ್ಲ."

"ನನಗೆ ಖುಷಿಯಾಗುತ್ತೆ ಅಂತ?"

"ಹಾಗೂ ಹೇಳಲ್ಲ."

"ಹಾಗಾದ್ರೆ ಹೇಳು." ಅವಳು ಖಾಲಿ ಪಾತ್ರೆಯತ್ತ ಕಣ್ಣು ತೋರಿಸಿದಳು. "ಇವತ್ತಿನ ಹುಳಿ ಮೀನುಸಾರು ನಾನೇ ಮಾಡಿದ್ದು. ಹೇಗಿತ್ತು?"

ಸಾಂಪೆ ಪಾತ್ರೆ ನೋಡಿದ. ಕಡಲು ನೋಡಿದ. ಅವಳ ಮುಖ ನೋಡಿದ. ಹಣೆಯಲ್ಲಿ ಬೆವರು ಮೂಡಿತು.

"ಉಪ್ಪು..." ಎಂದ ಕಡೆಗೆ. "ತುಂಬಾ ಜಾಸ್ತಿ."

ವೆಲ್ಮಿ ಒಂದು ಗಳಿಗೆ ಅವನನ್ನೇ ದುರುಗುಟ್ಟಿ ನೋಡಿದಳು. ಆಮೇಲೆ ನಕ್ಕಳು. ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡು, ಪಾತ್ರೆಯನ್ನು ಆಚೆ ಸರಿಸಿ, ಅವನ ಭುಜಕ್ಕೆ ತಲೆಯಿಟ್ಟಳು.

"ಮತ್ತೆ ಪೂರ್ತಿ ತಿಂದೆಯಲ್ಲ?"

"ಹಸಿವಾಗಿತ್ತು" ಎಂದ ಅವನು ಪ್ರಾಮಾಣಿಕವಾಗಿ. "ಮತ್ತೆ... ನೀನು ಬಡಿಸಿದ್ದೆ."